ಅಡುಗೆಮನೆಯಲ್ಲಿ ಕೇಳಿದ ಅಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮುಖ ತಿರುಗಿಸಿಕೊಂಡು ನಗುತ್ತಿದ್ದವಳು. ಈಗ ನನ್ನದನ್ನೇ ಬರೆಯುತ್ತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ಅಂದು ನನಗೆ ವಿಪರೀತ ದಣಿವಾಗಿತ್ತು ಎಂಬುದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಗಂಡನ ಕೆಲಸದ ಬೆನ್ನಿಗೆ ಸ್ವೀಡನ್ನಿಗೆ ಬಂದ ನಾನು ಆಗ ದಕ್ಷಿಣದ ಕರಾವಳಿಯಲ್ಲಿ, ವಯಸ್ಸಾದವರ ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ದಿನಕ್ಕೆ ಹನ್ನೆರಡು ಮನೆ. ಸ್ನಾನ, ಔಷಧಿ, ಊಟ, ಒಂದೊಂದಕ್ಕೂ ಇಷ್ಟೇ ನಿಮಿಷ. ಮೈಸೂರಿನಲ್ಲಿ ಟೀಚರ್ ಆಗಿದ್ದವಳು ಇಲ್ಲಿ ಸೊಂಟನೋವು ನುಂಗಿಕೊಂಡು ಸೈಕಲ್ ತುಳಿಯುತ್ತಿದ್ದೆ. ಹನ್ನೊಂದನೆಯದು ಬಿರ್ಗಿಟ್ ಅಜ್ಜಿಯ ಮನೆ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು; ನನ್ನ ಮನಸ್ಸಿಗೆ ಮಾತ್ರ ಅವರು ಅಜ್ಜಿಯೇ.

ಅವರಿಗೆ ಮರೆವು. ಮರೆಯದೆ ಉಳಿದದ್ದು ಒಂದೇ ರಾತ್ರಿ. ಯುದ್ಧಕಾಲದಲ್ಲಿ ಜರ್ಮನರು ಡೆನ್ಮಾರ್ಕಿನ ಯಹೂದಿಗಳನ್ನು ಹಿಡಿಯಲು ಶುರುಮಾಡಿದಾಗ, ಮೀನುದೋಣಿಯಲ್ಲಿ ಅಡಗಿ ಸಮುದ್ರ ದಾಟಿದ ಗಂಡ ಹೆಂಡತಿ ಕೂಸಿನೊಂದಿಗೆ ಇದೇ ಮನೆಗೆ ಬಂದಿದ್ದರಂತೆ. ದೋಣಿಯಲ್ಲಿ ಅಳದಿರಲೆಂದು ಕೂಸಿಗೆ ನಿದ್ದೆಯ ಮದ್ದು ಕೊಟ್ಟಿದ್ದರು. ದಡ ಸೇರಿದರೂ ಅದು ಏಳಲಿಲ್ಲ. ಅಜ್ಜಿಯ ತಾಯಿ ಅವರಿಗೆ ಒಣ ಬಟ್ಟೆ ಕೊಟ್ಟು, ಕೂಸನ್ನು ಅಡುಗೆಮನೆಯ ಮಂಚದ ಮೇಲೆ ಮಲಗಿಸಿ ಡಾಕ್ಟರನ್ನು ಕರೆತರಲು ಓಡಿದಳು. ದಿನಗಟ್ಟಲೆ ಕಣ್ಣು ಮುಚ್ಚದ ಹೆತ್ತವರು ಕೂತಲ್ಲೇ ಒರಗಿಬಿಟ್ಟಿದ್ದರು. "ಎದೆ ಮೇಲೆ ಕೈಯಿಟ್ಟಿರು. ಉಸಿರು ನಿಂತರೆ ಅವರನ್ನ ಎಬ್ಬಿಸು" ಎಂದು ಏಳು ವರ್ಷದ ಮಗಳಿಗೆ ಹೇಳಿ ಹೋಗಿದ್ದಳು. ಹುಡುಗಿ ನಿದ್ದೆಹೋದಳು. ಬೆಳಿಗ್ಗೆ ಎದ್ದಾಗ ಮೂವರೂ ಇರಲಿಲ್ಲ. ಕೂಸಿಗೆ ಏನಾಯಿತೆಂದು ಕೇಳಿದರೆ ತಾನು ನಿದ್ದೆಹೋದದ್ದು ಗೊತ್ತಾಗುತ್ತದೆಂದು ಅಜ್ಜಿ ತಮ್ಮ ತಾಯಿ ಸಾಯುವವರೆಗೂ ಕೇಳಲಿಲ್ಲ.

ಆ ಮಧ್ಯಾಹ್ನ ಅಜ್ಜಿ ಅದೇ ಮಂಚದ ದಿಂಬಿನ ಮೇಲೆ ಕೈಯಿಟ್ಟು ಕೂತಿದ್ದರು. ಊಟ ಮುಟ್ಟಿರಲಿಲ್ಲ. "ನಾನು ನೋಡ್ಕೋತೀನಿ, ನೀವು ಊಟ ಮಾಡಿ" ಎಂದು ಅವರನ್ನು ಮೇಜಿಗೆ ಕಳಿಸಿ, ದಿಂಬಿನ ಮೇಲೆ ನಾನೇ ಕೈಯಿಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಅಲ್ಲೇ, ನನ್ನ ಪಕ್ಕದಲ್ಲೇ, ಕೂಸೊಂದು ಅತ್ತಿತು. ಹಸಿವಿನ ಅಳುವಲ್ಲ; ಬಹಳ ಹೊತ್ತು ಮಲಗಿ ಎದ್ದ ಮಕ್ಕಳು ಸಿಡುಕುತ್ತಾ ರಾಗ ಎಳೆಯುತ್ತವಲ್ಲ, ಅದು. ಎರಡು ಹೆತ್ತವಳಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೆ? ಹೊರಗೆ ಹೋಗಿ ನೋಡಿದೆ. ಹತ್ತಿರದಲ್ಲಿ ಮನೆಯಿಲ್ಲ, ದಾರಿಯಲ್ಲಿ ಜನರಿಲ್ಲ.

ಒಳಗೆ ಬಂದಾಗ ಅಜ್ಜಿ ಚಮಚ ಹಿಡಿದು ನನ್ನನ್ನೇ ನೋಡುತ್ತಿದ್ದರು. "ಎದ್ದಿತು! ನಿನಗೂ ಕೇಳಿಸ್ತು ತಾನೆ?"

ಮರೆವಿನವರು ಇಲ್ಲದ್ದು ಕೇಳಿಸಿತೆಂದರೆ ಹೂಂಗುಟ್ಟಬಾರದು ಎಂದು ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಹೊತ್ತು ಮೀರಿತ್ತು. ಹೆದರಿಕೆಯೂ ಆಗಿತ್ತು. "ಇಲ್ಲ ಬಿರ್ಗಿಟ್, ನನಗೇನೂ ಕೇಳಿಸಲಿಲ್ಲ" ಎಂದೆ. ಅವರು ಚಮಚ ಕೆಳಗಿಟ್ಟು ಮತ್ತೆ ಮಂಚದ ಹತ್ತಿರ ಬಂದು ಕೂತರು.

"ತುಂಬಾ ಸುಸ್ತಾಗಿದೀಯ ಕಣೆ, ಎರಡು ದಿನ ಲೀವ್ ಹಾಕು" ಎಂದರು ನನ್ನ ಗಂಡ. ಇರಬಹುದು, ಕೂತಲ್ಲೇ ತೂಕಡಿಸಿದ್ದೆನೇನೋ. ಆದರೆ ನನ್ನ ಕನಸು ಅಜ್ಜಿಗೆ ಹೇಗೆ ಕೇಳಿಸಿತು? ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಲೀವ್ ಮುಗಿಸಿ ಹೋಗುವಷ್ಟರಲ್ಲಿ ಅಜ್ಜಿ ತೀರಿಹೋಗಿದ್ದರು. ಜೀವಮಾನವಿಡೀ ಕಾದವರಿಗೆ ನಾನು "ಕೇಳಿಸಿತು" ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.