ತೊಂಬತ್ತೈದಕ್ಕ ಜ್ವರ ಎಲ್ಲೈತಿ

ಆ ಲ್ಯಾಪ್‌ಟಾಪಿಗೆ ಕೌದಿ ಹೊಚ್ಚಿದಾಕಿ ನಾನ. ಊರ ಮಂದಿ ಹೇಳೂಕಿಂತ ಮೊದಲ ನಾನ ಹೇಳಿಬಿಡ್ತೀನಿ, ಆಮೇಲೆ ಬೇಕಾದಷ್ಟು ನಗ್ರಿ.

ನಮ್ಮದು ನವಲಗುಂದ ತಾಲೂಕಿನ ಒಂದು ಹಳ್ಳಿ. ನಾನು ಊರಾಗ ಆಶಾ ಕಾರ್ಯಕರ್ತೆ. ಮನಿ ಮನಿ ಅಡ್ಡಾಡಿ ಬಸುರಿ ಬಾಣಂತ್ಯಾರನ್ನ ವಿಚಾರಿಸೂದು, ಕೂಸುಗಳ ತೂಕ ಮಾಡೂದು, ಜ್ವರ ಅಂದವರ ಬಗಲಾಗ ಥರ್ಮಾಮೀಟರ್ ಇಡೂದು ನನ್ನ ಕೆಲಸ. ತೊಂಬತ್ತೊಂಬತ್ತು ದಾಟಿದ್ರ ಜ್ವರ, ನೂರಾ ಎರಡು ದಾಟಿದ್ರ ದವಾಖಾನಿ. ಹಸಗೂಸಿನ ಮೈ ತೊಂಬತ್ತೈದಕ್ಕ ಇಳೀತಂದ್ರ ಅದು ಜ್ವರಕ್ಕಿಂತ ಹೆದರೂ ಮಾತು, ಲಗೂನ ಅರಿವ್ಯಾಗ ಸುತ್ತಿ ಬೆಚ್ಚಗ ಇಡಬೇಕು. ಈ ಲೆಕ್ಕಾ ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೀನಿ. ಇದ ಲೆಕ್ಕಾ ನನ್ನ ಮಾನಾ ಕಳೀತು.

ನಮ್ಮನಿಯವರು ಇಪ್ಪತ್ತಾರು ವರ್ಷ ಬಸ್ ಹೊಡದವರು. ಎರಡು ವರ್ಷದ ಹಿಂದ ಒಂದಿನ ಸಂಜೀಮುಂದ ಅಣ್ಣಿಗೇರಿ ರಸ್ತೇದಾಗ ಇವರ ಬಸ್ಸು ಹೊಲಕ್ಕ ಇಳೀತು. ಎರಿ ಹೊಲಾ, ಮೆತ್ತಗಿತ್ತು, ಯಾರಿಗೂ ಏನೂ ಆಗಲಿಲ್ಲ. ಎಮ್ಮಿ ಅಡ್ಡ ಬಂತು, ತಪ್ಪಸಾಕ ಹೋದೆ ಅಂದ್ರು. ಎಲ್ಲಾರೂ ಹೌದಂದ್ರು. ಒಂದು ತಿಂಗಳಿಗೆ ತಾವ ಕೆಲಸಾ ಬಿಟ್ಟು ಮನಿಯಾಗ ಕುಂತ್ರು. ಯಾಕ ಬಿಟ್ರಿ ಅಂದ್ರ ಸಾಕಾತು ಅಂದ್ರು, ಅದ ಕಡೀ ಮಾತು. ಆಮೇಲೆ ಊಟ ಮಾಡ್ತೀರಿ ಅಂದ್ರ ಹೂಂ, ಚಾ ಬೇಕೇನ್ರಿ ಅಂದ್ರ ಹೂಂ. ಗ್ವಾಡಿ ಜೋಡಿ ಸಂಸಾರ ಮಾಡಿದಂಗ ಆಗಿತ್ತು ನನಗ.

ಹುಬ್ಬಳ್ಳಿಯಾಗ ಮದುವಿ ವಿಡಿಯೋ ಕೂಡಸೂ ಕೆಲಸ ಮಾಡೂ ನಮ್ಮ ಮಗಳು ದೀಪಾವಳಿಗೆ ಬಂದಾಗ ತನ್ನ ಹಳೇ ಲ್ಯಾಪ್‌ಟಾಪ್ ತಂದ್ಲು. ಗೇಮ್ ಆಡೂವಂಥಾದ್ದಂತ, ಇಟ್ಟಂಗಿಯಷ್ಟು ದಪ್ಪ, ಒತ್ತೂ ಗುಂಡಿಗೋಳು ಕೆಂಪಗ ಹಸರಗ ಉರೀತಾವ. ಅದರಾಗ ಟ್ರಕ್ ಹೊಡಿಯೂ ಆಟ ಹಾಕಿ, ಒಂದು ಸಣ್ಣ ಸ್ಟಿಯರಿಂಗ್ ಜೋಡಿಸಿ, ಅಪ್ಪನ ಮುಂದ ಇಟ್ಟು ಹೋದ್ಲು. ನಾಲ್ಕು ದಿನ ಅದರ ಕಡೆ ಹಣಿಕಿ ಹಾಕಲಿಲ್ಲ. ಐದನೇ ದಿನ ಊಟಕ್ಕ ಕುಂತಾಗ ತಾವ ಮಾತು ತಗದ್ರು, ಇವತ್ತು ಘಾಟಿನಾಗ ಮಳಿ ಹತ್ತಿತ್ತು, ಎರಡನೇ ಗೇರಿನಾಗ ಇಳಸಿದೆ ಅಂತ. ನನ್ನ ಕೈಯಾಗಿನ ರೊಟ್ಟಿ ಕೈಯಾಗ ಉಳೀತು. ಅವತ್ತಿನಿಂದ ದಿನಾ ಊಟದಾಗ ಇವರ ಟ್ರಕ್ಕಿನ ಸುದ್ದಿ. ನನಗ ತಲಿಬುಡ ತಿಳೀತಿದ್ದಿಲ್ಲ. ಆದ್ರ ಮನಿಯಾಗ ಮನಶಾನ ದನಿ ಕೇಳತೈತಲ್ಲ ಅಂತ ಎಲ್ಲಾದಕ್ಕೂ ಗೋಣು ಹಾಕ್ತಿದ್ದೆ.

ತಲಿ ಬೆಳ್ಳಗಾದಾಂವ ಹುಡುಗರ ಆಟಾ ಆಡ್ತಾನ ಅಂತ ಮಂದಿ ನಕ್ಕಾರು ಅಂತ ನಾಚಿಕಿ ಅವರಿಗೆ. ಅದಕ್ಕ ಒಳಗಿನ ಖೋಲಿಯಾಗ ಬಾಗಲಾ ಹಾಕ್ಕೊಂಡು ಆಡ್ತಿದ್ರು. ಆ ಖೋಲಿಯಾಗ ಆ ವರ್ಷದ ಹತ್ತಿ ಮಾಳಿಗಿಗೆ ಹತ್ತೂವಷ್ಟು ಒಟ್ಟಿತ್ತು. ಬಾಜುಕ ಒಂದು ಕಟಗಿ ಮಣಿ ಹಾಕಿ, ಅದರ ಮ್ಯಾಲೆ ಲ್ಯಾಪ್‌ಟಾಪ್ ಇಟ್ಕೊಂಡು, ಪರದೆಕ್ಕ ಮೂಗು ತಾಗೂವಂಗ ಬಗ್ಗಿ ಕೂಡ್ತಿದ್ರು. ಎಷ್ಟು ಹುಚ್ಚು ನೋಡು ಇವರಿಗೆ ಅಂತ ನಾನು ಅನ್ಕೊಂಡಿದ್ದೆ.

ಒಂದು ತಿಂಗಳಾದ ಮ್ಯಾಲೆ ಲ್ಯಾಪ್‌ಟಾಪ್ ನಡಬರಕ ಆರಾಕ ಹತ್ತಿತು. ಮೊದಲ ಒಳಗಿನ ಫ್ಯಾನು ಗಿರಣಿಗತೆ ಒದರೂದು, ಆಮೇಲೆ ಟ್ರಕ್ಕು ಕುಂಟಿಕೋತ ಹೋಗೂದು, ಆಮೇಲೆ ಪಟ್ಟನ ಕತ್ತಲಿ. ರಸ್ತೇದ ನಡುವ ಗಾಡಿ ಬಿಟ್ಟು ಬಂದಂಗ ಆಗತೈತಿ ಅಂತ ಇವರ ಸಂಕಟ. ಇಂಜಿನ್ ಕಾದೈತಿ, ರೇಡಿಯೇಟರಿಂದ ಏನೋ ತ್ರಾಸು ಅಂದ್ರು. ಬಸ್ಸಿಗೆ ಮಾಡಿದಂಗ, ಟ್ರಕ್ಕು ಬಾಜುಕ ಹಚ್ಚಿ ಹತ್ತು ನಿಮಿಷ ಸುಮ್ಮನ ಚಾಲೂ ಇಟ್ಟು ಆಮೇಲೆ ಬಂದ್ ಮಾಡೂದು ರೂಢಿ ಮಾಡ್ಕೊಂಡ್ರು. ಏನೂ ಉಪೇಗ ಆಗಲಿಲ್ಲ.

ಪರದೆದ ಮೂಲ್ಯಾಗ ಸಣ್ಣ ಅಂಕಿ ಕಾಣತಿದ್ದುವು. ಅದು ಗ್ರಾಫಿಕ್ಸ್ ಕಾರ್ಡಿನ, ಅಂದ್ರ ಆಟದ ಚಿತ್ರಾ ಮೂಡಸೂ ಭಾಗದ ಟೆಂಪರೇಚರ್, ಅದರ ಮ್ಯಾಲೆ ಕಣ್ಣಿಡ್ರಿ ಅಂತ ಮಗಳು ಹೇಳಿ ಹೋಗಿದ್ಲು. ನಾ ನೋಡಿದೆ, ತೊಂಬತ್ತೈದು. ಇಂಜಿನ್ ಕಾದೈತಿ ಅಂತೀರಲ್ರೀ, ತೊಂಬತ್ತೈದಕ್ಕ ಜ್ವರ ಎಲ್ಲೈತಿ, ಇದು ಥಂಡಿ ಹಿಡದೈತಿ ಅಂದೆ. ಬಾಜುಕ ಕೈಯಿಟ್ಟು ನೋಡಂದ್ರು. ಇಟ್ಟೆ, ಸುಡತಿತ್ತು. ನನಗ ಗೊಂದಲಾತು. ಮೈ ಸುಡತೈತಿ, ಅಂಕಿ ಕಡಿಮಿ ಐತಿ, ಯಾವುದನ್ನ ನಂಬೂದು? ಕೈ ಮೋಸ ಮಾಡತೈತಿ, ಮೀಟರ್ ಮೋಸ ಮಾಡೂದಿಲ್ಲ ಅಂತ ನಮಗ ಟ್ರೇನಿಂಗಿನಾಗ ಕಲಿಸ್ಯಾರ. ನಾನು ಮೀಟರ್ ನಂಬಿದೆ.

ಪುಷ್ಯ ಮಾಸದ ಥಂಡಿ ಬ್ಯಾರೆ. ಮಣಿ ಮ್ಯಾಲೆ ಕೌದಿ ನಾಲ್ಕು ಮಡಚಿ ಹಾಸಿ ಲ್ಯಾಪ್‌ಟಾಪ್ ಇಟ್ಟೆ, ಎಡಕ್ಕ ಬಲಕ್ಕ ಹಿಂದಕ್ಕ ಗಾಳಿ ಆಡದಂಗ ಹೊಚ್ಚಿದೆ. ಇನ್ನ ಹೊಡೀರಿ ಅಂದೆ. ಅಂಕಿ ತೊಂಬತ್ತಾರಾತು. ನನಗ ಖುಷಿ. ತೊಂಬತ್ತೇಳಾತು. ನೋಡ್ರಿ, ಇನ್ನೊಂದು ಏರಿದ್ರ ಪೂರಾ ಆರಾಮ ಅನ್ನೂದ್ರಾಗ ಪಟ್ಟನ ಆರಿತು. ಏನು ಮಾಡಿದ್ರೂ ಮತ್ತ ಹತ್ತಲಿಲ್ಲ.

ನಮ್ಮನಿಯವರು ನನ್ನ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಸ್ಟಿಯರಿಂಗಿನ ವಾಯರ್ ಸುತ್ತಿ ಕಪಾಟಿನಾಗ ಇಟ್ಟು, ಹೊರಗಿನ ಕಂಬಕ್ಕ ಆತು ಕುಂತ್ರು. ಊಟ ಮಾಡ್ತೀರಿ ಅಂದ್ರ ಹೂಂ. ಮೂರು ದಿನ ಹಂಗ ಹೋದುವು. ಮತ್ತ ಅದ ಗ್ವಾಡಿ ನನ್ನ ಹಣೇಬರಕ್ಕ ಬಂತಲ್ಲಾ ಅಂತ ಒಲಿ ಮುಂದ ಕುಂತು ಅತ್ತೆ.

ಮಗಳಿಗೆ ಫೋನ್ ಹಚ್ಚಿ ಎಲ್ಲಾ ಹೇಳಿದೆ. ಮೊದಲ ನಕ್ಕಳು, ಕೌದಿ ಅಂದಕೂಡ್ಲೆ ನಗೂದು ನಿಂತಿತು. "ಅವ್ವಾ, ಅದು ಸೆಂಟಿಗ್ರೇಡ್. ನೂರಕ್ಕ ನೀರು ಕುದೀತಾವಬೇ," ಅಂದ್ಲು. ನನ್ನ ಚೀಲದಾಗಿನ ತೊಂಬತ್ತೈದು ಬ್ಯಾರೆ, ಅದರ ತೊಂಬತ್ತೈದು ಬ್ಯಾರೆ ಅಂತ. ಒಂದರಾಗ ಕೂಸು ಥಂಡಿ ಆಗತೈತಿ, ಇನ್ನೊಂದರಾಗ ಅಕ್ಕಿ ಬೇಯತೈತಿ. ಇಷ್ಟು ವರ್ಷ ಅಂಕಿ ಓದಿದಾಕಿ ನಾನು, ಅವತ್ತು ಸಂಜೀತನಾ ಥರ್ಮಾಮೀಟರ್ ಮುಟ್ಟಾಕ ಅಂಜಿಕಿ ಬಂತು.

ಅಣ್ಣಿಗೇರಿಯಾಗ ರಿಪೇರಿ ಮಾಡಾಂವ ಒಬ್ಬಾಂವ ಇದ್ದ. ಅಂವ ಹಿಂದಿನ ಮುಚ್ಚಳಾ ಬಿಚ್ಚಿ, ಚಿಮಟಾ ಹಾಕಿ ಫ್ಯಾನಿನಾಗಿಂದ ಎಳದ, ಎಳದ, ಎಳದ. ದೀಪಕ್ಕ ಬತ್ತಿ ಹೊಸಿಯೂವಷ್ಟು ಹತ್ತಿ ಬಂತು. ಇದನ್ನ ಹತ್ತಿ ಜಿನ್ನಿನಾಗ ಇಟ್ಟಿದ್ರೇನ್ರಿ ಅಂತ ಕೇಳಿದ. ಫ್ಯಾನು ಸ್ವಚ್ಛ ಮಾಡಿ, ಕಾರ್ಡಿನ ಮ್ಯಾಲೆ ಒಣಗಿದ್ದ ಪೇಸ್ಟ್ ಕೆರದು ಹೊಸಾದು ಹಚ್ಚಿ, ಚಾಲೂ ಮಾಡಿದ ಕೂಡ್ಲೆ ಜೀವ ಬಂತು ಅದಕ್ಕ. ಹಿಂದಿನ ಬಾಜು ಎರಡು ಬೆರಳು ಎತ್ತರ ಮಾಡ್ರಿ, ಕಾರ್ಡಿಗೆ ಭಾರ ಆಗದಂಗ ಆಟದಾಗ ನೆರಳು, ಗಿಡದ ಎಲಿ ಇಂಥಾವೆಲ್ಲಾ ಕಡಿಮಿ ಮಾಡ್ರಿ, ಎಂಬತ್ತೈದು ದಾಟಗೊಡಬ್ಯಾಡ್ರಿ ಅಂದ. ಕಡೀಕ, ಗಾಳಿ ಆಡೂ ಜಾಗಾದಾಗ ಇಡ್ರಿ, ಹತ್ತಿ ಖೋಲಿಯಾಗ ಮತ್ತ ಇಟ್ರ ಕಾರ್ಡು ಸುಟ್ಟು ಹೋಗತೈತಿ, ಆಮೇಲೆ ನನ್ನ ಕಡೆ ತರಬ್ಯಾಡ್ರಿ ಅಂದ.

ಗಾಳಿ ಆಡೂ ಜಾಗಾ ಎಲ್ಲಿಂದ ತರೂದು? ಪಡಸಾಲ್ಯಾಗೂ ಹತ್ತಿ, ಅಡಗಿಮನಿಯಾಗ ಹೊಗಿ. ಉಳದದ್ದು ಬಾಗಲ ಮುಂದಿನ ಕಟ್ಟಿ ಒಂದ. ಅದು ಓಣಿ ಮಂದಿಯೆಲ್ಲಾ ಅಡ್ಡಾಡೂ ದಾರಿ. ಅಲ್ಲಿ ನಾ ಕೂಡೂದಿಲ್ಲ ಅಂದ್ರು. ಹಂಗಾರ ಅದನ್ನ ಹೊಳ್ಳಿ ಮಗಳಿಗೆ ಕಳಸ್ತೀನಿ ಅಂದೆ, ಸಿಟ್ಟಿನಾಗ. ಎರಡು ದಿನ ಮತ್ತ ಹೂಂ ಹೂಂ. ಮೂರನೇ ದಿನ ಸಂಜೀಗೆ ತಾವ ಮಣಿ ಹೊರಗ ತಂದು, ಲ್ಯಾಪ್‌ಟಾಪಿನ ಹಿಂದಿನ ಬಾಜುಕ ಕಟಗಿ ತುಂಡು ಇಟ್ಟು, ಸ್ಟಿಯರಿಂಗ್ ಹಚ್ಚಿದ್ರು.

ಮಂದಿ ಕೂಡಿತು, ಕೂಡದ ಬಿಡತೈತೇನು. ನೆರಳಿಲ್ಲದ ಟ್ರಕ್ಕು ಎಲಿ ಇಲ್ಲದ ಗಿಡದ ನಡುವ ಹೊಂಟಿತ್ತು, ಅಂಕಿ ಎಪ್ಪತ್ತೆಂಟು ಇತ್ತು. ಎದುರು ಮನಿ ಕಾಕಾ ಕೋಲು ಊರಿಕೊಂಡು ಬಂದು ಬಗ್ಗಿ ನೋಡಿ, ಇದನ್ನರ ಹೊಲಕ್ಕ ಇಳಸಬ್ಯಾಡೋ, ಎಮ್ಮಿ ನೋಡ್ಕೊಂಡು ಹೊಡಿ ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ, ಚಾ ತಂದು ನಿಂತಿದ್ದೆ.

ನಮ್ಮನಿಯವರು ಟ್ರಕ್ಕು ಬಾಜುಕ ಹಚ್ಚಿದ್ರು. ಬ್ರೇಕ್ ಹಾಕಿದ್ರು.

"ಎಮ್ಮಿ ಬಂದಿದ್ದಿಲ್ಲ ಕಾಕಾ," ಅಂದ್ರು. "ನನಗ ರಸ್ತಾನ ಕಾಣಲಿಲ್ಲ. ಎಡಗಣ್ಣಿನಾಗ ಕತ್ತಲಿ ಬಂತು."

ಕಾಕಾ ಕೋಲು ಊರಿಕೋತ ತಮ್ಮ ಮನಿ ಕಡೆ ತಿರುಗಿದ್ರು. ಒಬ್ಬೊಬ್ಬರ ಸರದು ಹೋದ್ರು. ಕಣ್ಣಿನ ದವಾಖಾನಿಗೆ ಹೋದದ್ದು, ಶುಗರ್ ಅಂತ ತಿಳದದ್ದು ಎಲ್ಲಾ ಆಮೇಲಿನ ಮಾತು. ಅವತ್ತು ನನಗ ಸಿಟ್ಟೋ ದುಃಖೋ ತಿಳೀಲಿಲ್ಲ, ಚಾ ಕಪ್ಪು ಕಟ್ಟಿ ಮ್ಯಾಲೆ ಕುಕ್ಕಿ ಯಾವಾಗಿಂದ ಅಂತ ಕೇಳಿದೆ. ಬಸ್ಸು ಹೊಲಕ್ಕ ಇಳಿಯೂದಕ್ಕೂ ಒಂದು ವರ್ಷ ಮೊದಲಿಂದ ಆಗಾಗ ಬರತಿತ್ತು ಅಂದ್ರು. ಹೇಳಿದ್ರ ಗಾಡಿ ಕೈ ಬಿಟ್ಟು ಹೋಗತೈತಿ ಅಂತ ಹೇಳಿದ್ದಿಲ್ಲಂತ.

ಆ ವರ್ಷ ವಾರಾ ವಾರಾ ನಾನು ತುಂಬಿದ ಬಸುರ್ಯಾರನ್ನ ಕರಕೊಂಡು ಇವರದ ಬಸ್ಸಿನಾಗ ನವಲಗುಂದ ದವಾಖಾನಿಗೆ ಹೋಗ್ತಿದ್ದೆ. ನನ್ನ ಗಂಡ ಹೊಡಿಯೂ ಗಾಡಿ, ಅಂಜಬ್ಯಾಡ್ರಿ ಅಂತ ಹೇಳಿ ಹತ್ತಸ್ತಿದ್ದೆ. ಅದನ್ನ ಹೇಳಿ ಒದರಿದೆ ಅವರ ಮ್ಯಾಲೆ.

"ಗೊತ್ತೈತಿ," ಅಂದ್ರು. "ನೀ ಹತ್ತಿದ ದಿನ ನಾ ಇಪ್ಪತ್ತರ ಮ್ಯಾಲೆ ಹೊಡೀತಿದ್ದಿಲ್ಲ."

ಹೌದು, ಆ ದಿನಗಳಾಗ ಬಸ್ಸು ಭಾಳ ತಡಾ ಆಗತಿತ್ತು. ನವಲಗುಂದದಾಗ ಇಳದು, ಮಂದಿ ಮುಂದ, ಎತ್ತಿನ ಗಾಡಿ ಹೊಡೀತೀರೇನ್ರಿ ಅಂತ ನಾನು ಇವರಿಗೆ ಎಷ್ಟು ಸಲ ಬೈದೀನಿ.