ಸಡಿಲವಾಗಿ ಹೆಣೆದ ಜಡೆ

ನಮ್ಮ ಅಂಗಡಿ ಅಂದರೆ ಒಂದೇ ಕೋಣೆ. ಕಿಟಕಿ ಪಕ್ಕ ನನ್ನ ಹೊಲಿಗೆ ಯಂತ್ರ, ಎದುರು ಗೋಡೆಗೆ ಜಡೆಯಕ್ಕನ ಕನ್ನಡಿ, ಕುರ್ಚಿ. ನಡುವೆ ಒಂದು ಪರದೆ ಇತ್ತು; ಮಾತಿಗೆ ಅಡ್ಡ ಬರುತ್ತೆ ಅಂತ ನಾನೇ ಕಿತ್ತುಹಾಕಿದೆ. ಅಕ್ಕ ಇಡೀ ತಲೆಗೆ ಸಣ್ಣ ಸಣ್ಣ ಜಡೆ ಹೆಣೆಯುತ್ತಾಳೆ, ನೆತ್ತಿಗೆ ಅಂಟಿದ ಹಾಗೆ ಸಾಲು ಸಾಲಾಗಿ. ಒಮ್ಮೆ ಹಾಕಿಸಿಕೊಂಡರೆ ವಾರಗಟ್ಟಲೆ ಬಾಚಣಿಗೆಯ ಗೊಡವೆ ಇಲ್ಲ, ಕೂದಲು ಸಿಕ್ಕಾಗಿ ತುಂಡಾಗೋದೂ ಇಲ್ಲ.

ಆದರೆ ಅವಳ ಉಪದೇಶ ಇದೆಯಲ್ಲ, ಅದನ್ನ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ಒದ್ದೆ ಕೂದಲಲ್ಲಿ ಬಂದವರನ್ನ ಒಣಗಿಸಿಕೊಂಡು ಬಾ ಅಂತ ಬಾಗಿಲಿಂದಲೇ ವಾಪಸ್ ಕಳಿಸ್ತಾಳೆ. ಜಡೆ ಇದೆ ಅಂತ ತಲೆ ತೊಳೆಯದೆ ಇರಬೇಡಿ, ಬುಡಕ್ಕೆ ಬೆರಳ ತುದಿಯಲ್ಲಿ ಎಣ್ಣೆ ಮುಟ್ಟಿಸಿ, ಮಲಗುವಾಗ ನುಣುಪು ಬಟ್ಟೆ ಸುತ್ತಿಕೊಳ್ಳಿ, ಬುಡದಲ್ಲಿ ಹೊಸ ಕೂದಲು ಬಂದ ಮೇಲೆ ಬಿಚ್ಚಿ ತಲೆಗೆ ಸ್ವಲ್ಪ ದಿನ ಬಿಡುವು ಕೊಡಿ ಅಂತ ಒಂದೇ ರಾಗ. ನಾನು ಹೊಲಿದ ಅಂಗಿಯನ್ನ ಹೇಗೆ ಒಗೆಯಬೇಕು ಅಂತ ನಾನು ಯಾರಿಗಾದರೂ ಪಾಠ ಮಾಡ್ತೀನಾ? ಬಿಗಿಯಾಗಿ ಹಾಕಿ, ತುಂಬ ದಿನ ಬರಲಿ ಅಂತ ಯಾರಾದರೂ ಕೇಳಿದರಂತೂ ಅವಳ ಮುಖ ಸಪ್ಪಗಾಗಿಬಿಡುತ್ತೆ. ಯಾಕೆ ಅಂತ ನನಗೆ ಗೊತ್ತು.

ಅವಳಿಗೆ ಇರೋದು ಒಬ್ಬಳೇ ಮಗಳು, ಪುಟ್ಟಿ. ನರ್ಸಿಂಗ್ ಓದೋಕೆ ದೂರದ ಹಾಸ್ಟೆಲ್‌ಗೆ ಹೊರಟಳು. ಹೊರಡುವ ಹಿಂದಿನ ದಿನ ಅಕ್ಕ ಅವಳನ್ನ ಇದೇ ಕುರ್ಚಿಯಲ್ಲಿ ಕೂರಿಸಿಕೊಂಡಳು. ರಜೆ ಬರೋವರೆಗೂ ಜಡೆ ಬಿಚ್ಚಿಹೋಗಬಾರದು, ಬೇರೆ ಯಾರ ಕೈಯೂ ಮಗಳ ತಲೆಗೆ ಬೀಳಬಾರದು ಅನ್ನೋ ಹುಚ್ಚು ಆಸೆ ಅವಳಿಗೆ. ಎಳೆದೂ ಎಳೆದೂ ಹೆಣೆದಳು. ನೋಯ್ತಿದೆ ಅಂತ ಹುಡುಗಿ ಅಂದರೆ, ಮೊದಲು ಹಾಗೇ ಇರುತ್ತೆ ಅಂತ ಬಾಯಿ ಮುಚ್ಚಿಸಿದಳು. ಅಮ್ಮ ಹಾಕಿದ್ದು ಅಂತ ಪುಟ್ಟಿಯೂ ಅದನ್ನ ಬಿಚ್ಚಲೇ ಇಲ್ಲ.

ರಜೆಗೆ ಬಂದಾಗ ಬಿಚ್ಚಿದರೆ, ಹಣೆಯ ಎರಡೂ ಪಕ್ಕದ ಕೂದಲು ಜಡೆಯ ಜೊತೆಗೇ ಬಂತು. ಹುಡುಗಿ ಕನ್ನಡಿ ನೋಡಿಕೊಂಡಳು. "ಇನ್ಮೇಲೆ ನನ್ನ ತಲೆ ಮುಟ್ಟಬೇಡ" ಅಂದಳು. ಉಳಿದ ಕೂದಲನ್ನೂ ಮೋಟು ಮಾಡಿಸಿಕೊಂಡು ಹೋದವಳು ಮುಂದಿನ ರಜೆಗೆ ಬರಲೇ ಇಲ್ಲ. ಫೋನಲ್ಲಿ ಊಟ ಆಯ್ತಾ ಅಂದರೆ ಆಯ್ತು, ಅಷ್ಟೇ ಮಾತು.

ಆಮೇಲೆ ಅಕ್ಕನನ್ನ ನೋಡೋಕಾಗ್ತಿರಲಿಲ್ಲ. ಪುಟ್ಟಿಯ ಅಗಲ ಹಲ್ಲಿನ ಬಾಚಣಿಗೆಯನ್ನ ದಿನಾ ತೊಳೆದು ಒರೆಸಿಡೋಳು, ಅದನ್ನ ಬೇರೆಯವರ ತಲೆಗೆ ಮುಟ್ಟಿಸ್ತಿರಲಿಲ್ಲ. ಆ ವಯಸ್ಸಿನ ಹುಡುಗಿ ಯಾರಾದರೂ ಕುರ್ಚಿಯಲ್ಲಿ ಕೂತರೆ ಉಪದೇಶವೆಲ್ಲ ನಿಂತುಹೋಗೋದು. ಮಗಳಿಗೋಸ್ಕರ ಅವಳ ಜೀವ ಹಂಬಲಿಸ್ತಿತ್ತು. ಇಷ್ಟು ಕೊರಗೋ ಬದಲು ಹೋಗಿ ನೋಡಿಕೊಂಡು ಬಾರೇ ಮಾರಾಯ್ತಿ ಅಂತ ಎಷ್ಟು ಬೈದೆನೋ. ಅವಳಾಗೇ ಕರೀಲಿ ಅಂತ ಕೂತಳು. ಇಬ್ಬರದೂ ಒಂದೇ ಹಟ.

ಮೊನ್ನೆ ಮಧ್ಯಾಹ್ನ ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಸೀದಾ ಬಂದು ಕುರ್ಚಿಯಲ್ಲಿ ಕೂತು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಕೂದಲು ಭುಜಕ್ಕೆ ಬಂದಿತ್ತು. ಹಣೆಯ ಪಕ್ಕದಲ್ಲಿ ಎಳೆ ಮಗುವಿನದಂಥ ಹೊಸ ಕೂದಲು. ಅಕ್ಕ ಅದನ್ನ ಮುಟ್ಟದೆ ಹಾಗೇ ಬಿಟ್ಟು ಹಿಂದಿನಿಂದ ಶುರು ಮಾಡಿದಳು. ಒಂದೊಂದು ಜಡೆಗೂ ನೋಯ್ತಿದೆಯಾ ಅಂತ ಕೇಳೋಳು, ಹುಡುಗಿ ಇಲ್ಲ ಅನ್ನೋಳು. ನಾನು ಸೂಜಿಗೆ ದಾರವೇ ಇಲ್ಲದೆ ಯಂತ್ರ ತುಳೀತಾ ಕೂತೆ.

ಎಲ್ಲ ಮುಗಿದ ಮೇಲೆ ಪುಟ್ಟಿ ತಲೆ ಅಲ್ಲಾಡಿಸಿ ನೋಡಿದಳು.

"ಇಷ್ಟು ಸಡಿಲ ಹಾಕಿದ್ರೆ ಎಷ್ಟು ದಿನ ಬರುತ್ತಮ್ಮ?"

"ಹೆಚ್ಚು ದಿನ ಬರಲ್ಲ ಕಣೇ" ಅಂದಳು ಅಕ್ಕ, ತಪ್ಪು ಮಾಡಿದವಳ ಹಾಗೆ.

"ಸರಿ ಬಿಡು. ಬಿಚ್ಚಿಹೋದಾಗೆಲ್ಲ ಬರ್ತೀನಿ."

ಅಕ್ಕ ಬಾಚಣಿಗೆ ಹುಡುಕೋ ನೆಪದಲ್ಲಿ ಗೋಡೆ ಕಡೆ ತಿರುಗಿಕೊಂಡಳು. ಬಾಚಣಿಗೆ ಅವಳ ಕೈಯಲ್ಲೇ ಇತ್ತು.