ಉಂಗುರ ತೊಟ್ಟ ಹಕ್ಕಿಯ ತವರು

ಮನಗೂಳಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನನಗೆ ಟಂಡ್ರಾ ಎಂದರೆ ಎರಡು ಅಂಕದ ಪ್ರಶ್ನೆ, ಅಷ್ಟೇ. ಅದೂ ಒಂದು ಊರು, ಅಲ್ಲಿಂದ ನಮ್ಮಲ್ಲಿಗೆ ಬಂದು ಹೋಗುವವರಿದ್ದಾರೆ ಎಂದು ತಿಳಿದದ್ದು ಕುರಿ ಕಾಯುವ ಒಬ್ಬ ಅಜ್ಜಿಯಿಂದ.

ಚಳಿಗಾಲದ ಭಾನುವಾರಗಳಲ್ಲಿ ನಾನು ಸ್ಕೂಟಿ ಹತ್ತಿ ಕೃಷ್ಣೆಯ ಹಿನ್ನೀರಿಗೆ ಹಕ್ಕಿ ನೋಡಲು ಹೋಗುತ್ತೇನೆ. ಅಜ್ಜಿಯ ಕುರಿಗಳು ಮೇಯುವುದೂ ಅದೇ ದಂಡೆಯಲ್ಲಿ. ಹೋದ ಜನವರಿಯಲ್ಲಿ ಅವಳು ನನ್ನನ್ನು ಕೂಗಿ ಕರೆದಳು.

"ಅಕ್ಕೋರ, ಆ ಸಣ್ಣ ಹಕ್ಕಿ ಕಾಲಾಗ ಉಂಗುರ ಐತಿ ನೋಡ್ರಿ. ಯಾರರ ಲಗ್ನ ಮಾಡಿ ಕಳಸ್ಯಾರೇನ?"

ಕೆಸರಿನಲ್ಲಿ ಹುಳ ಹೆಕ್ಕುತ್ತಿದ್ದ, ಗುಬ್ಬಿಯಷ್ಟೇ ಗಾತ್ರದ ಹಕ್ಕಿ. ಕಾಲಿಗೆ ಹಳದಿ ಪಟ್ಟಿ, ಅದರ ಮೇಲೆ ಮೂರು ಪುಟ್ಟ ಅಕ್ಷರಗಳು. ಓದೋಣವೆಂದು ನಾನು ಹತ್ತಿರ ಹೋದಷ್ಟೂ ಅದು ಹಾರಿ ದೂರ ಕೂರುತ್ತಿತ್ತು.

"ಹಂಗ ಹೋದ್ರ ನಿಲ್ತಾವೇನ್ರಿ? ಕುರಿಗೆ ಅವು ಅಂಜಂಗಿಲ್ಲ. ಬರ್ರಿ ಇಲ್ಲೆ."

ತನ್ನ ಕಂಬಳಿಯನ್ನು ನನ್ನ ತಲೆಗೆ ಹೊದಿಸಿ, ಕುರಿಗಳ ನಡುವೆ ಬಗ್ಗಿಸಿ ನಡೆಸಿದಳು. ಒಂದು ಕುರಿ ಕಾಲು ತುಳಿಯಿತು, ಇನ್ನೊಂದು ಸೆರಗು ಅಗಿಯಿತು. ಆದರೆ ಹಕ್ಕಿ ಹಾರದೆ ಹತ್ತು ಮಾರು ದೂರದಲ್ಲೇ ನಿಂತಿತು. ಕ್ಯಾಮೆರಾದಲ್ಲಿ ಮೂರೂ ಅಕ್ಷರ ಸ್ಪಷ್ಟವಾಗಿ ಮೂಡಿದಾಗ ನಾನು ಖುಷಿಗೆ ಕಿರುಚಿಬಿಟ್ಟೆ. ದಂಡೆಯ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಅಜ್ಜಿ ಹೊಟ್ಟೆ ಹಿಡಿದು ನಕ್ಕಳು.

ವಲಸೆಯ ಜಾಡು ತಿಳಿಯಲು ಹಕ್ಕಿಗಳಿಗೆ ಉಂಗುರ ತೊಡಿಸುವ ಸಂಸ್ಥೆಗೆ ಆ ಅಕ್ಷರಗಳನ್ನು ಇಮೇಲ್ ಮಾಡಿದೆ. ವಾರದ ನಂತರ ಒಬ್ಬ ಸಂಶೋಧಕಿ ಉತ್ತರಿಸಿದರು. ಉತ್ತರ ಧ್ರುವ ಪ್ರದೇಶದ ಸಮುದ್ರದಂಚಿನ ಟಂಡ್ರಾದಲ್ಲಿ, ಪಾಚಿಯ ಗೂಡಿನಲ್ಲಿ ಮೊಟ್ಟೆಗೆ ಕಾವು ಕೊಡುತ್ತಿದ್ದ ಹಕ್ಕಿಗೆ ಅವರೇ ಆ ಪಟ್ಟಿ ಕಟ್ಟಿದ್ದರಂತೆ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಎಲ್ಲೆಲ್ಲಿಂದಲೋ ಬಂದು ಗೂಡು ಮಾಡುವ ಹಕ್ಕಿಗಳಿಗಾಗಿ ಆ ಕರಾವಳಿಯನ್ನು ಹಾಗೆಯೇ ಕಾದಿಟ್ಟಿದ್ದಾರೆ.

ಮುಂದಿನ ಭಾನುವಾರ ಅಜ್ಜಿಗೆ ಮೊಬೈಲಿನಲ್ಲಿ ಆ ಜಾಗದ ಫೋಟೊ ತೋರಿಸಿದೆ. ಬಯಲು, ನೀರು, ಮತ್ತೆ ಬಯಲು.

"ಒಂದು ಗಿಡಾನೂ ಇಲ್ಲಲ್ರಿ! ನಮ್ಮ ಕರಿಮಣ್ಣಿನ ಎರಿಹೊಲ ಕಂಡಂಗ ಕಾಣತೈತಿ. ಅದಕ್ಕ ಇಲ್ಲಿಗೆ ಬಂದಾವು. ಅಲ್ಲಿ ಕುರಿ ಕಾಯವ್ರು ಅದಾರೇನು?"

ಕುರಿಯಲ್ಲ, ಹಿಮಸಾರಂಗ ಕಾಯುವವರಿದ್ದಾರೆ ಎಂದೆ. ಅವಳಿಗೆ ಅವರನ್ನು ನೋಡಲೇಬೇಕಿತ್ತು. ಸಂಶೋಧಕಿಗೆ ಬರೆದೆ, ಜೊತೆಗೆ ಕಂಬಳಿ ಹೊದ್ದ ಅಜ್ಜಿಯ ಫೋಟೊ ಕಳಿಸಿದೆ. ಬಂದ ಚಿತ್ರದಲ್ಲಿ ತೊಗಲಿನ ಉಡುಪಿನ ಮುದುಕಿಯೊಬ್ಬಳು ಕೊಂಬಿನ ಹಿಂಡಿನ ನಡುವೆ ನಿಂತು ನಗುತ್ತಿದ್ದಳು. ಅಜ್ಜಿ ಅವಳ ಮುಖವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

"ನಮ್ಮ ಮಂದೀನ ಬಿಡ್ರಿ ಇಕಿ!"

ಚಿತ್ರದ ಕೆಳಗೆ ಆ ಮುದುಕಿಯ ಪ್ರಶ್ನೆಯೂ ಇತ್ತು: ನೀವು ಕುರಿಗಳಿಗೆ ಹೆಸರಿಡುತ್ತೀರಾ?

ನಾನು ಓದಿ ಹೇಳಿದ್ದೇ ತಡ, ಅಜ್ಜಿ ಬದುವಿನ ಮೇಲೆ ಕಾಲು ಚಾಚಿ ಕೂತಳು. "ಬರ್ಕೋರಿ ಅಕ್ಕೋರ," ಎಂದು ಹಿಂಡಿನತ್ತ ಕೈ ಮಾಡಿ ಒಂದೊಂದೇ ಹೆಸರು ಹೇಳತೊಡಗಿದಳು. ನಾನು ಟೈಪ್ ಮಾಡುತ್ತಲೇ ಇದ್ದೆ.